ಕಣ್ಣು ಮೇಲೆತ್ತಿದರೆ ಹೌದು

ಮಂಗಳವಾರ, ಸಂಜೆ

ಪ್ರೀತಿಯ ಮಾತಿನಮಲ್ಲಿಗೆ,

ಡಾಕ್ಟರು ನಿನಗೆ ಫೋನ್ ಮಾಡಿದ್ದರಂತೆ. ವಿಷಯ ಹೇಳಿ ಮುಗಿಸುವ ಮೊದಲೇ ನೀನು ಫೋನಿಟ್ಟೆಯಂತೆ. ಆಮೇಲೆ ನಾನು ಎಷ್ಟು ಸಲ ಮಾಡಿದರೂ ಎತ್ತುತ್ತಿಲ್ಲ. ಶಾಲೆಯ ದಿನಗಳಿಂದಲೂ ಬಾಯಿ ಮುಚ್ಚದ ಹುಡುಗಿ ನೀನು. ನಿನ್ನ ಮೌನ ನನಗೆ ಹೊಸದು, ಅದಕ್ಕೇ ಭಯವಾಗುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಕಾಗದವನ್ನಾದರೆ ಅರ್ಧ ಓದಿ ಬದಿಗಿಟ್ಟರೂ ಮತ್ತೆ ಕೈಗೆತ್ತಿಕೊಳ್ಳಬಹುದು. ಅಕ್ಷರ ಕೋಳಿ ಕೆದರಿದಂತಿದ್ದರೆ ಬೈಯಬೇಡ.

ನನ್ನ ಈಗಿನ ಕೆಲಸ ನಿನಗೆ ಗೊತ್ತಲ್ಲ. ಊರಿನ ಆಸ್ಪತ್ರೆ, ಆರೈಕೆ ಮನೆ, ಮನೆಗೇ ಬರುವ ನರ್ಸುಗಳ ಸೇವೆ, ಇವೆಲ್ಲ ಹೇಗಿವೆ, ಏನು ಸುಧಾರಿಸಬೇಕು ಎಂದು ಜನರನ್ನು ಕೇಳಿಕೊಂಡು ತಿರುಗುವುದು. ಬಸ್ ನಿಲ್ದಾಣದಲ್ಲಿ ಕೇಳುತ್ತೇನೆ, ಔಷಧಿ ಅಂಗಡಿಯ ಮುಂದೆ ಕೇಳುತ್ತೇನೆ. ಹೆಚ್ಚಿನವರು ‘ಎಲ್ಲಾ ಚೆನ್ನಾಗಿದೆ ಬಿಡಮ್ಮ’ ಎಂದು ತಪ್ಪಿಸಿಕೊಳ್ಳುತ್ತಾರೆ. ಒಬ್ಬ ಅಜ್ಜ ಮಾತ್ರ ಗಂಟೆಗಟ್ಟಲೆ ತನ್ನ ಸೊಸೆಯ ಮೇಲೆ ದೂರು ಹೇಳಿದ. ಅದನ್ನು ಯಾವ ಸೇವೆಯಡಿ ಬರೆದುಕೊಳ್ಳುವುದೋ ನನಗೆ ಗೊತ್ತಾಗಲಿಲ್ಲ.

ನಿನ್ನೆ ನಿಮ್ಮಮ್ಮ ಇರುವ ಆರೈಕೆ ಮನೆಯ ಸರದಿ. ಮಾತಾಡಬಲ್ಲವರನ್ನೆಲ್ಲ ಮಾತಾಡಿಸಿ ಮುಗಿಸಿ, ಹಿಂಭಾಗದ ಉದ್ದನೆಯ ಕೋಣೆಗೆ ಹೋದೆ. ಅಲ್ಲಿರುವವರೆಲ್ಲ ಹಾಸಿಗೆ ಹಿಡಿದವರು. ಮೇಟ್ರನ್ ಬಾಗಿಲಲ್ಲೇ ನನ್ನನ್ನು ತಡೆದು, ‘ಇಲ್ಲಿ ಯಾರನ್ನ ಕೇಳ್ತೀರಾ? ಇವರಿಗೇನೂ ಗೊತ್ತಾಗಲ್ಲ’ ಎಂದರು. ಕೆಟ್ಟ ಹೆಂಗಸಲ್ಲ. ಅವರು ಹೇಳಿದ್ದು ಡಾಕ್ಟರು ಹೇಳಿದ್ದನ್ನೇ, ನಾನೂ ನೀನೂ ನಂಬಿದ್ದನ್ನೇ. ನಾನು ಒಳಗೆ ಹೋದದ್ದು ಪ್ರಶ್ನೆ ಕೇಳಲು ಅಲ್ಲ. ಅಮ್ಮನ ಪಕ್ಕ ಸ್ವಲ್ಪ ಹೊತ್ತು ಕೂತು ಕಾಲು ಚಾಚೋಣ ಎಂದು.

ನೆನಪಿದೆಯಾ, ಅವರು ಬಸ್ ನಿಲ್ದಾಣದ ಮೈಕಿನಲ್ಲಿ ಕೂಗುತ್ತಿದ್ದ ಕಾಲ? ‘ಪ್ರಯಾಣಿಕರು ಗಮನಿಸಬೇಕು’ ಎಂದರೆ ಜೇಬುಗಳ್ಳನೂ ನಿಂತು ಗಮನಿಸುತ್ತಿದ್ದ ಎಂದು ನಾವು ನಗುತ್ತಿದ್ದೆವು. ಆ ಗಂಟಲಿಗೆ ಈಗ ಉಸಿರಾಡುವುದಷ್ಟೇ ಕೆಲಸ. ಮೂಗಿನಲ್ಲಿ ಆಹಾರದ ನಳಿಕೆ, ನೆಟ್ಟ ಕಣ್ಣು. ಲಕ್ವ ಹೊಡೆದ ಮೇಲೆ ಎರಡು ವರ್ಷಕ್ಕೂ ಮಿಕ್ಕಿ ಹಾಗೇ ಮಲಗಿದ್ದಾರೆ.

ಬೇಸರ ಕಳೆಯಲು ನನ್ನ ಪ್ರಶ್ನೆಗಳನ್ನೇ ಅವರಿಗೆ ತಮಾಷೆಯಾಗಿ ಓದಿ ಹೇಳಿದೆ. ಊಟ ಬಿಸಿಬಿಸಿ ಬರುತ್ತಾ ಅಮ್ಮ? ಸಿಬ್ಬಂದಿ ಮರ್ಯಾದೆಯಿಂದ ಮಾತಾಡ್ತಾರಾ? ನಿಮ್ಮ ಆರೈಕೆಯ ಬಗ್ಗೆ ತೀರ್ಮಾನ ಮಾಡುವಾಗ ನಿಮ್ಮನ್ನ ಕೇಳ್ತಾರಾ?

ಅವರ ಕಣ್ಣಿನಿಂದ ನೀರು ಇಳಿಯಿತು.

ಕಣ್ಣು ಒಣಗಿದರೆ ಹಾಗಾಗುತ್ತದೆ ಎಂದು ಕೇಳಿದ್ದೆ. ಕರವಸ್ತ್ರದಲ್ಲಿ ಒರೆಸಿದೆ. ಆದರೂ ಮನಸ್ಸು ತಡೆಯಲಿಲ್ಲ. ಹುಚ್ಚುತನವೆನಿಸಿದರೂ ಬಗ್ಗಿ, ‘ಅಮ್ಮ, ನಾನು ಹೇಳ್ತಿರೋದು ಕೇಳಿಸ್ತಿದ್ದರೆ ಕಣ್ಣು ಮೇಲಕ್ಕೆತ್ತಿ’ ಎಂದೆ.

ಎತ್ತಿದರು ಕಣೇ.

ಕಾಕತಾಳೀಯ ಇರಬಹುದೆಂದು, ನಾನು ನಿಮ್ಮ ಮಗಳು ಅಲ್ವಾ ಎಂದು ಸುಳ್ಳು ಕೇಳಿದೆ. ಕಣ್ಣು ಅಲುಗಲಿಲ್ಲ. ಹಾಗಾದರೆ ನಾನು ಗುಂಡುಸೂಜಿಯಾ ಎಂದೆ. ಕಣ್ಣು ತಕ್ಷಣ ಮೇಲಕ್ಕೆ ಹೋಯಿತು. ಆ ಹೆಸರು ಇಟ್ಟವರೇ ಅವರಲ್ಲವೇ, ನನ್ನ ಕಡ್ಡಿ ಮೈ ನೋಡಿ! ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ. ಮೇಟ್ರನ್ ಓಡಿ ಬಂದರು, ಡಾಕ್ಟರನ್ನು ಕರೆಸಿದರು.

ಡಾಕ್ಟರು ಮೊದಲು ನಂಬಲಿಲ್ಲ. ನರಗಳು ತಾವಾಗಿಯೇ ಹೀಗೆ ಆಡುತ್ತವೆ ಎಂದು ನನಗೆ ಮಗುವಿಗೆ ಹೇಳುವಂತೆ ಹೇಳಿದರು. ಆಮೇಲೆ ತಾವೇ ಕೇಳಿದರು. ಇವತ್ತು ಸೋಮವಾರವಾ? ಮೇಲೆ. ನೀವು ಗಂಡಸಾ? ಅಲುಗಲಿಲ್ಲ. ನಿಮ್ಮ ಮಗಳು ಹೋದ ತಿಂಗಳು ಬಂದಿದ್ದರಾ? ಮೇಲೆ. ಡಾಕ್ಟರು ಹಾಸಿಗೆಯ ಅಂಚಿನಲ್ಲೇ ಕುಸಿದು ಕೂತರು. ಅಷ್ಟು ದೊಡ್ಡ ಮನುಷ್ಯನ ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು.

ಕ್ಯಾಲೆಂಡರಿನ ಹಿಂಬದಿಯಲ್ಲಿ ನಾನು ವರ್ಣಮಾಲೆ ಬರೆದೆ. ಕಾಗುಣಿತ ಬಿಟ್ಟು ಬರೀ ವ್ಯಂಜನ. ಕ ಸಾಲು, ಚ ಸಾಲು ಎಂದು ಒಂದೊಂದೇ ಸಾಲು ಕೇಳುವುದು, ಕಣ್ಣೆತ್ತಿದ ಸಾಲಿನಲ್ಲಿ ಒಂದೊಂದೇ ಅಕ್ಷರ ಕೇಳುವುದು. ಸಿಬ್ಬಂದಿಯೆಲ್ಲ ಸುತ್ತ ನೆರೆದಿದ್ದರು. ಇಷ್ಟು ಕಾಲ ಬಾಯಿ ಕಟ್ಟಿಹೋಗಿದ್ದ ಅಮ್ಮ ಮೊದಲ ಮಾತು ಏನಾಡುತ್ತಾರೋ ಎಂದು ಎಲ್ಲರೂ ಮುಂದಕ್ಕೆ ಬಗ್ಗಿದ್ದರು. ಫ ಬಂತು. ಯ ಬಂತು. ನ ಬಂತು. ‘ಫಯನ’ ಅಂದರೆ ಯಾರು ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಮೇಟ್ರನ್ ತಲೆಯೆತ್ತಿ ಗೋಡೆ ನೋಡಿದವರು, ‘ಅಯ್ಯೋ ದೇವರೇ, ಫ್ಯಾನು!’ ಎಂದರು.

ಗೋಡೆಯ ಫ್ಯಾನು ನೇರ ಅವರ ಮುಖಕ್ಕೇ ಬೀಸುತ್ತದೆ. ರೆಪ್ಪೆ ಪೂರ್ತಿ ಮುಚ್ಚದ ಕಣ್ಣಿಗೆ ಹಗಲೂ ರಾತ್ರಿ ಅದರದೇ ಗಾಳಿ. ಉರಿ ತಡೆಯಲಾಗದೆ ನೀರು ಸುರಿದರೆ ನಾವು ಬಂದು ಒರೆಸಿ ಹೋಗುತ್ತಿದ್ದೆವು. ಮೇಟ್ರನ್ ಸ್ವಿಚ್ ಒತ್ತಿ, ಅಲ್ಲೇ ಗೋಡೆಗೆ ಹಣೆಯಿಟ್ಟು ಅತ್ತರು. ಆಮೇಲೆ ಅವರು ಮಾಡಿದ್ದನ್ನು ನಾನು ಸಾಯುವ ತನಕ ಮರೆಯಲಾರೆ. ಉಳಿದ ಪ್ರತಿ ಹಾಸಿಗೆಯ ಬಳಿಗೂ ಹೋಗಿ, ಬಗ್ಗಿ, ‘ನಿಮಗೂ ಕೇಳಿಸ್ತಿದೆಯಾ?’ ಎಂದು ಕೇಳುತ್ತಾ ಹೋದರು. ಯಾರೂ ಕಣ್ಣೆತ್ತಲಿಲ್ಲ. ಆದರೂ ಕೇಳಿದರು.

ಬರುವ ಸೋಮವಾರ ನಳಿಕೆ ತೆಗೆದು ಅಮ್ಮನನ್ನು ಹೋಗಲು ಬಿಡುವ ತೀರ್ಮಾನಕ್ಕೆ ನೀನು ಬರಬೇಕಿತ್ತಲ್ಲ. ಬಾ, ಆದರೆ ಬೇಗ ಬಾ. ನಿನ್ನ ಮೇಲೆ ಯಾರೂ ಬೆರಳು ತೋರಿಸುತ್ತಿಲ್ಲ.

ನಿನ್ನ
ಗುಂಡುಸೂಜಿ

ಮರೆತದ್ದು: ಮರೆತೆನೆಂದರೆ ಸುಳ್ಳು, ಬರೆಯಲು ಧೈರ್ಯ ಸಾಲಲಿಲ್ಲ. ಫ್ಯಾನು ನಿಂತ ಮೇಲೆ ಇನ್ನೇನು ಬೇಕು ಎಂದು ಡಾಕ್ಟರು ಕೇಳಿದರು. ‘ನ ನ ನ ಕ ಳ’ ಎಂದು ಬಂತು. ಡಾಕ್ಟರು ಕೊನೆಗೊಂದು ಸ ತಾವೇ ಸೇರಿಸಿಕೊಂಡು ಮೆಲ್ಲಗೆ, ‘ನನ್ನ ಕಳಿಸಿ’ ಎಂದು ಓದಿದರು. ಮೇಟ್ರನ್ ಕಣ್ಣು ನಳಿಕೆಯ ಕಡೆ ಹೋಯಿತು. ಕಳಿಸಿಬಿಡಬೇಕಾ ಅಮ್ಮ ಎಂದು ನಾನು ಕೇಳಿದೆ. ಕಣ್ಣು ಅಲುಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ನನಗೆ ಹೊಳೆಯಿತು. ಕಳಿಸಿ ಅಲ್ಲ. ‘ನನ್ನ ಕೇಳಿ.’

*

ಗುರುವಾರ

ಗುಂಡುಸೂಜಿ,

ನಿನ್ನ ಕಾಗದ ಕೈಗೆ ಬಂತು. ಓದಿ, ಮಡಿಸಿಟ್ಟು, ಬಟ್ಟೆ ಒಗೆದು, ಮತ್ತೆ ಓದಿದೆ. ಊರಿನವರೆಲ್ಲ ನಿನ್ನ ಪ್ರಶ್ನೆಗೆ ಬಾಯಿ ಬಿಡದಿರುವಾಗ ಬಾಯಿಲ್ಲದ ನನ್ನ ಅಮ್ಮನೇ ಸಿಗಬೇಕಿತ್ತಾ ನಿನಗೆ? ಹೀಗೆ ಬರೆಯಬಾರದು, ಗೊತ್ತು. ನಿನ್ನ ಕಾಲಿಗೆ ಬೀಳಬೇಕು. ಅದೂ ಗೊತ್ತು. ಈಗ ಮಾತ್ರ ನನಗೆ ಯಾರ ಮೇಲಾದರೂ ಸಿಟ್ಟು ಮಾಡಲೇಬೇಕಾಗಿದೆ.

ನೀನು ನಾಜೂಕಾಗಿ ಬರೆದಿದ್ದೀಯ, ಬೆರಳು ತೋರಿಸುತ್ತಿಲ್ಲ ಎಂದು. ಹೋದ ತಿಂಗಳು ಬಂದಾಗ ಆ ಕೋಣೆಯಲ್ಲಿ ನಾನೇನು ಮಾತಾಡಿದೆ ಎಂದು ನಿನಗೆ ಗೊತ್ತಿಲ್ಲ. ಕಿಟಕಿಯ ಹತ್ತಿರ, ಅಮ್ಮನ ಕಾಲ ಬುಡದಲ್ಲಿ ನಿಂತಿದ್ದೆ. ಡಾಕ್ಟರು, ಹೊರಗೆ ಹೋಗಿ ಮಾತಾಡೋಣವಾ ಎಂದು ಕೇಳಿದರು. ‘ಪರವಾಗಿಲ್ಲ, ಇಲ್ಲಿ ಯಾರಿದ್ದಾರೆ ಕೇಳಿಸ್ಕೊಳ್ಳೋಕೆ’ ಎಂದೆ. ಆಮೇಲೆ, ಅಮ್ಮ ಯಾವತ್ತೋ ಹೋಗಿಬಿಟ್ಟರು, ಉಳಿದಿರುವುದನ್ನು ಎಳೆದಾಡುವುದು ಬೇಡ ಎಂದೆ. ಅವರ ನೋವು ನೋಡಲಾಗದೆ ಹೇಳಿದೆ ಎಂದು ಈ ಕ್ಷಣದ ತನಕ ನಂಬಿದ್ದೆ. ಇನ್ನು ಯಾವುದನ್ನು ನಂಬಲಿ?

ನಳಿಕೆಯ ವಿಷಯ ನೀನೇ ಅವರನ್ನು ಕೇಳಿಬಿಡು. ಉತ್ತರ ತಿಳಿದುಕೊಂಡೇ ಬರುತ್ತೇನೆ. ಬೇಡ, ಕೇಳಬೇಡ. ನಾನೇ ಕೇಳಬೇಕು. ಶನಿವಾರ ಬರುತ್ತೇನೆ. ಬಾಗಿಲ ತನಕ ಜೊತೆಗೆ ಬಾ, ಒಳಗೆ ಬರಬೇಡ.

ಮಾತಿನಮಲ್ಲಿ

ಇನ್ನೊಂದು ಮಾತು: ಆ ಗೋಡೆಯ ಫ್ಯಾನು ಆರೈಕೆ ಮನೆಯದಲ್ಲ. ನಾನೇ ಜಗಳವಾಡಿ ಹಾಕಿಸಿದ್ದು. ಅಮ್ಮನಿಗೆ ಸೆಕೆಯಾಗಬಾರದೆಂದು.

*

ಬುಧವಾರ, ಅಮ್ಮನ ಕೋಣೆಯಿಂದ

ನನ್ನ ಗುಂಡುಸೂಜಿಗೆ,

ನೀನು ಇದೇ ಊರಿನಲ್ಲಿದ್ದೂ ನಿನಗೆ ಕಾಗದ ಬರೆಯುತ್ತಿದ್ದೇನೆ. ಮುಖ ನೋಡಿ ಹೇಳಲು ಹೊರಟರೆ ಬೇರೆ ಏನೋ ಹರಟಿ ಎದ್ದುಬರುತ್ತೇನೆ. ಅಮ್ಮನಿಗೆ ಈಗಷ್ಟೇ ಜೊಂಪು ಹತ್ತಿದೆ. ಕುರ್ಚಿಯನ್ನು ಮಂಚಕ್ಕೆ ಒತ್ತಿ ಹಾಕಿಕೊಂಡಿದ್ದೇನೆ.

ಶನಿವಾರ ನೀನು ಬಾಗಿಲಲ್ಲಿ ನನ್ನ ಕೈ ಬಿಟ್ಟಮೇಲೆ ನಾನು ಒಳಗೆ ಹೋಗದೆ ಎಷ್ಟು ಹೊತ್ತು ನಿಂತೆನೋ. ಆಮೇಲೆ ಹೋಗಿ ಅವರ ಕಣ್ಣಿಗೆ ಕಾಣುವಂತೆ ಬಗ್ಗಿ, ‘ಅಮ್ಮಾ, ನಾನು’ ಎಂದೆ. ಕಣ್ಣು ಮೇಲೆ ಹೋಯಿತು. ದಾರಿಯುದ್ದಕ್ಕೂ ಎಷ್ಟೊಂದು ಮಾತು ಜೋಡಿಸಿಕೊಂಡು ಬಂದಿದ್ದೆ! ಒಂದೂ ಬಾಯಿಗೆ ಬರಲಿಲ್ಲ. ಹೊರಬಿದ್ದದ್ದು ಒಂದೇ. ಅವತ್ತು ನಾನು ಡಾಕ್ಟರ ಹತ್ರ ಅಂದಿದ್ದು ಕೇಳಿಸ್ತಾ ಅಮ್ಮ ಎಂದೆ.

ಕಣ್ಣು ಅಲುಗದಿರಲಿ ಎಂದು ನಾನು ಕಂಡ ಕಂಡ ದೇವರನ್ನೆಲ್ಲ ಬೇಡಿಕೊಂಡೆ. ಕಣ್ಣು ನಿಧಾನವಾಗಿ, ಪೂರ್ತಿಯಾಗಿ ಮೇಲೆ ಹೋಯಿತು.

ಪಕ್ಕದ ಮಂಚದ ಬಳಿಯಿದ್ದ ಮೇಟ್ರನ್ ಬಂದು ನನ್ನನ್ನು ಹಿಡಿದು ಕೂರಿಸಿದರು. ಆಮೇಲೆ ಅವರೇ ನಿನ್ನ ಕ್ಯಾಲೆಂಡರ್ ಹಿಡಿದು ಸಾಲು ಸಾಲಾಗಿ ಓದಿದರು. ಮ, ತ, ಡ ಎಂದು ಬಂತು. ಮಾತಾಡು. ನನಗೆ, ಮಾತಿನಮಲ್ಲಿಗೆ, ಅಮ್ಮ ಮಾತಾಡು ಎಂದು ಹೇಳಬೇಕಾಯಿತು ನೋಡು. ಎರಡು ವರ್ಷದಲ್ಲಿ ಬಂದಾಗಲೆಲ್ಲ ಕಾಲುಗಂಟೆ ನಿಂತು, ಹಾಸಿಗೆ ಕಡೆ ಬೆನ್ನು ಹಾಕಿ ಫೋನಿನಲ್ಲಿ ಹರಟಿ ಹೊರಟುಬಿಡುತ್ತಿದ್ದೆ. ಅವತ್ತು ಕೂತು ಮಾತಾಡಿದೆ. ಪಕ್ಕದ ಮನೆಯವಳ ಜಗಳ, ನನ್ನ ಮಂಡಿನೋವು, ಹಾಲು ಉಕ್ಕಿ ಒಲೆಯೆಲ್ಲ ಹಾಳಾದದ್ದು, ಬಾಯಿಗೆ ಬಂದದ್ದೆಲ್ಲ. ಸಾಕಾ ಅಮ್ಮ ಎಂದಾಗಲೆಲ್ಲ ಕಣ್ಣು ಅಲುಗದೆ ನಿಲ್ಲುತ್ತಿತ್ತು.

ಸೋಮವಾರದ ಸಭೆ ಕಚೇರಿಯಲ್ಲಿ ನಡೆಯಲಿಲ್ಲ. ಅಮ್ಮನ ಮಂಚದ ಸುತ್ತಲೇ ಕುರ್ಚಿ ಹಾಕಿದರು. ಡಾಕ್ಟರು ಮೊದಲು ತಮ್ಮ ಹೆಸರು ಹೇಳಿ, ಇಷ್ಟು ಕಾಲ ಗಮನಿಸದೆ ಹೋದದ್ದಕ್ಕೆ ಕೈಮುಗಿದರು. ನಳಿಕೆಯ ಮಾತನ್ನು ಅವರು ಎತ್ತಲು ಹೋದಾಗ ನಾನೇ ಕೇಳುತ್ತೇನೆ ಎಂದೆ. ಕೇಳಿದೆ. ಹೇಗೆ ಕೇಳಿದೆನೋ, ಯಾವ ಪದದಲ್ಲಿ ಕೇಳಿದೆನೋ ತಿಳಿಯದು. ಉತ್ತರ ಬರುವಷ್ಟರಲ್ಲಿ ಎಲ್ಲರ ಚಹಾ ಆರಿಹೋಯಿತು. ಬಿಟ್ಟುಹೋದ ಸ್ವರಗಳನ್ನು ತುಂಬಿ, ಅಕ್ಷರ ಜೋಡಿಸಿ ಡಾಕ್ಟರು ಗಟ್ಟಿಯಾಗಿ ಓದಿದರು. ‘ಇರಲಿ. ಸಾಕಾದ ದಿನ ನಾನೇ ಹೇಳ್ತೀನಿ.’

ಮೈಕಿನ ಮುಂದೆ ಕೂತು ಕೂಗಿದಷ್ಟೇ ಖಡಕ್ಕಾಗಿ ನನಗೆ ಕೇಳಿಸಿತು.

ನಿನ್ನ ಕಚೇರಿಗೆ ಅಮ್ಮ ಹೇಳಿ ಕಳಿಸಿದ ಅಭಿಪ್ರಾಯ ಇದು. ಅವರು ಅಕ್ಷರ ತೋರಿಸಿದರು, ನಾನು ಬರೆದುಕೊಂಡೆ. ಮುಟ್ಟುವ ಮೊದಲು ಯಾರು ಎಂದು ಹೇಳಿ. ಮೈ ಒರೆಸುವಾಗ ನಿಮ್ಮ ಮನೆ ಸುದ್ದಿ ಮಾತಾಡಿದರೆ ಅಡ್ಡಿಯಿಲ್ಲ, ನನ್ನ ಕೂಡ ಮಾತಾಡಿ. ರಾತ್ರಿಪಾಳಿಯ ದಾದಿ ಹಾಡುತ್ತಾಳೆ, ಅವಳನ್ನು ಬದಲಿಸಬೇಡಿ. ಇದನ್ನು ಕೇಳಿ ಆ ದಾದಿ ಗಾಬರಿಯಾಗಿ, ಅವರಿಗೆ ಕೇಳಿಸುತ್ತದೆ ಎಂದು ಗೊತ್ತಿದ್ದರೆ ನಾನು ಹಾಡುತ್ತಲೇ ಇರಲಿಲ್ಲ, ನನಗೆ ಶ್ರುತಿಯೇ ಇಲ್ಲ ಎಂದಳು. ಅಮ್ಮನ ಕಣ್ಣು ಥಟ್ಟನೆ ಮೇಲೆ ಹೋಯಿತು. ಶ್ರುತಿ ಇಲ್ಲವೆಂಬುದಕ್ಕೆ ಹೌದು! ಆ ಕೋಣೆಯಲ್ಲಿ ನಾವೆಲ್ಲ ನಕ್ಕದ್ದು ಅದೇ ಮೊದಲು. ಮೇಟ್ರನ್ ಈಗ ಯಾವ ಮಂಚದ ಬಳಿ ಹೋದರೂ ತಮ್ಮ ಹೆಸರು ಹೇಳುತ್ತಾರೆ, ಯಾರಿಂದಲೂ ಉತ್ತರ ಬಾರದಿದ್ದರೂ.

ನಾನು ಈ ತಿಂಗಳೆಲ್ಲ ಇಲ್ಲೇ ಇರುತ್ತೇನೆ. ಆಮೇಲಿನದು ಅಮ್ಮನನ್ನು ಕೇಳಿಯೇ. ಅವತ್ತು ನಿನ್ನ ಮೇಲೆ ಹರಿಹಾಯ್ದದ್ದಕ್ಕೆ ಏನು ಹೇಳಲಿ? ಭಾನುವಾರ ಬಾ, ಬೈದುಬಿಡು.

ನಿನ್ನವಳೇ ಆದ
ಮಾತಿನಮಲ್ಲಿ

ಕೊನೆಗೊಂದು: ನಿನ್ನೆ ಸಂಜೆ ನಾನೊಬ್ಬಳೇ ಇದ್ದಾಗ ಅಮ್ಮ ಏನೋ ಹೇಳಬೇಕೆಂದು ಕ್ಯಾಲೆಂಡರ್ ಕಡೆ ನೋಡಿದರು. ಕ ಬಂತು, ಷ ಬಂತು. ಕ್ಷ. ನನಗೆ ತಡೆಯಲಾಗಲಿಲ್ಲ, ಕ್ಷಮಿಸಿದೀಯಾ ಅಮ್ಮ, ಕ್ಷಮಿಸಿದೀಯಾ ಎಂದು ಅವರ ಹೊಟ್ಟೆಯ ಮೇಲೆ ತಲೆಯಿಟ್ಟು ಅತ್ತೆ. ಎದ್ದು ಕಣ್ಣೊರೆಸಿಕೊಂಡು ನೋಡಿದರೆ, ಅವರು ಇನ್ನೂ ಕ್ಯಾಲೆಂಡರನ್ನೇ ನೋಡುತ್ತಿದ್ದಾರೆ. ಮುಂದಿನ ಅಕ್ಷರ ಮ ಅಲ್ಲ, ರ. ಕ್ಷೌರ. ಅವರ ಗಲ್ಲದ ಮೇಲೆ ಕೂದಲು ಬೆಳೆದಿತ್ತು, ನಾವ್ಯಾರೂ ನೋಡಿಯೇ ಇರಲಿಲ್ಲ. ನುಣ್ಣಗೆ ತೆಗೆದು ಕನ್ನಡಿ ಹಿಡಿದೆ. ಕಣ್ಣು ಮೇಲೆ ಹೋಯಿತು. ಕ್ಷಮೆಯ ಆ ಇನ್ನೊಂದು ಮಾತನ್ನು ನಾನು ಮತ್ತೆ ಕೇಳಿಲ್ಲ, ಅವರೂ ಹೇಳಿಲ್ಲ.