ಕೂಸಿನ ಕಿವಿಯಲ್ಲಿ ಹೇಳುವ ಹೆಸರು

ಜನವರಿ 20, ಸೋಮವಾರ
ಟ್ಯೂಷನ್ ಇವತ್ತೂ ಬೇಗ ಬಿಟ್ಟೆ. ಪದ್ಯದ ಎರಡನೇ ಸಾಲಿಗೇ ಕೆಮ್ಮು. ಒಮ್ಮೆ ಹತ್ತಿದರೆ ಉಸಿರೆಳೆಯಲು ಬಿಡುವುದಿಲ್ಲ; ಕೊನೆಗೆ ವಾಂತಿ. ಎರಡು ವಾರವಾಗುತ್ತ ಬಂತು. ಕಬ್ಬಿನ ಟ್ರ್ಯಾಕ್ಟರ್ ಧೂಳು ಅಂತ ಅವ್ವ. ಕಷಾಯ ಕುದಿಸಿ ಕೊಡುತ್ತಾಳೆ, ತಾನೂ ಅರ್ಧ ಲೋಟ ಕುಡಿಯುತ್ತಾಳೆ.

ರವಿವಾರ ದಡ್ಡಿ ಊರಲ್ಲಿ, ಬಾಳೇಶಣ್ಣನ ಹೆಂಡತಿ ನಂದಾ ವೈನಿಯ ತವರಲ್ಲಿ, ಕೂಸಿಗೆ ಹೆಸರಿಡುವುದು. ಅತ್ತೆಯಾದವಳು ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳಬೇಕು. ಹಿಂದಿನಿಂದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅತ್ತೆ ಅಂದರೆ ನಾನೊಬ್ಬಳೇ.

"ಬೆನ್ನ ಗಟ್ಟಿ ಮಾಡ್ಕೋ," ಅಂದ ಬಾಳೇಶಣ್ಣ. "ದಡ್ಡಿ ಹೆಣ್ಮಕ್ಕಳ ಗುದ್ದಿಗೆ ಕೆಮ್ಮೂ ಓಡಿ ಹೋಗ್ತೈತಿ."
ಅಷ್ಟು ಜನರ ನಡುವೆ... ಈಗಲೇ ಬೆವರು.

ಜನವರಿ 23, ಗುರುವಾರ
ಗೋಕಾಕದ ಡಾಕ್ಟರ್. "ನಾಯಿಕೆಮ್ಮು ಇದ್ದಂಗೈತಿ. ಮನ್ಯಾಗ ಸಣ್ಣ ಕೂಸೈತೇನು?" ದಡ್ಡಿಯ ಹಸುಗೂಸಿನ ವಿಷಯ ಹೇಳಿದೆ. ಬರೆಯುವುದನ್ನು ನಿಲ್ಲಿಸಿದರು.

"ನಿಮಗ ಬರೇ ಕೆಮ್ಮು. ಅಷ್ಟ ಸಣ್ಣ ಕೂಸಿಗೆ ಕೆಮ್ಮಾಕೂ ಶಕ್ತಿ ಇರೂದಿಲ್ಲ, ಉಸರ ನಿಂತಬಿಡತೈತಿ. ಇದರ ಲಸಿಕಿ, ಮೊದಲನೇ ಸೂಜಿ, ಒಂದೂವರಿ ತಿಂಗಳಿಗೆ. ಐದ ದಿನದ ಗುಳಿಗಿ ಮುಗಿಯೂತನಕ ಹತ್ರ ಹೋಗಬ್ಯಾಡ್ರಿ. ಮನಿಯವ್ರೂ ತಗೋಬೇಕು."

ಅಣ್ಣ ನುಂಗಿದ. ಅವ್ವ ಮುಟ್ಟಲಿಲ್ಲ. "ನನಗೇನ್ ಆಗೇತಿ?"

ಜನವರಿ 25
ಬರುವುದಿಲ್ಲ ಅಂದೆ ಅವ್ವನಿಗೆ. ಗೋಡೆ ನೋಡಿಕೊಂಡು.
"ಬೀಗರ ಮುಂದ ಏನ್ ಹೇಳ್ಲಿ? ನಿನ್ನ ನಾಚಿಕಿಗೊಂದು ನೆಪ ಸಿಕ್ತು."
ನಾಚಿಕೆಯೂ ಇತ್ತು, ಸುಳ್ಳೇಕೆ. ವೈನಿಗೆ ನಾನು ಫೋನ್ ಮಾಡಲಿಲ್ಲ, ಅಣ್ಣನೇ ಹೇಳಿದ. ಕೇಳಿದವಳೇ ಫೋನ್ ಇಟ್ಟುಬಿಟ್ಟಳಂತೆ.

ಜನವರಿ 26, ಸಂಜೆ 7
ಅವ್ವ ಬಂದಳು. ಅಣ್ಣ ಅಲ್ಲೇ ಉಳಿದ. ಕೂಸು ಈಗ ಮಯೂರಿ. ನನ್ನ ಬದಲು ಅವ್ವನೇ ಹೇಳಿದಳಂತೆ.
"ಕೂಸಿನ ಆಯಿ, ಮುದುಕಿ ಅಂತ ಸೈತ ಬಿಡ್ಲಿಲ್ಲ, ಗುದ್ದಿದ್ದ ಗುದ್ದಿದ್ದು!"
ಬೆನ್ನು ತೋರಿಸಿ ನಕ್ಕಳು. ನಗು ಕೆಮ್ಮಾಯಿತು. ನಿಲ್ಲಲಿಲ್ಲ. ಕಂಬ ಹಿಡಿದು ಬಗ್ಗಿದಳು, ಮುಖವೆಲ್ಲ ಕೆಂಪು — ನನ್ನ ಹಾಗೆಯೇ.

"ಯಾವಾಗಿಂದ ಅವ್ವಾ?"
"ವಾರಾತು. ನಿನ್ನ ಕಷಾಯಾನ ಕುಡಿಯಾಕತ್ತೇನಲ್ಲ."
"ಅಲ್ಲಿ?"
"ಹೆಸರ ಹೇಳೂಮುಂದ ಒಂದ್ಸಲ ಬಂತು. ಗುದ್ದಿನ ಗದ್ಲದಾಗ ಯಾರಿಗೂ ಗೊತ್ತಾಗ್ಲಿಲ್ಲ ಬಿಡು."

7.20
ಗುಳಿಗೆ ಕೊಟ್ಟೆ. ಈ ಸಲ ನುಂಗಿದಳು. ಕೂಸನ್ನು ಇವತ್ತೇ ಡಾಕ್ಟರಿಗೆ ತೋರಿಸಬೇಕು. ಅಣ್ಣನ ಫೋನ್ ಬಂದ್. ವೈನಿ ಎರಡು ಸಲ ಎತ್ತಲಿಲ್ಲ. ಸಿಟ್ಟಿರಬಹುದು. ಮತ್ತೆ ಹಚ್ಚಿದ್ದೇನೆ, ಸ್ಪೀಕರ್ ಮೇಲೆ. ಹೇಳಬೇಕಾದ್ದನ್ನು ಬರೆದಿಟ್ಟುಕೊಂಡರೆ ತೊದಲುವುದಿಲ್ಲ —
ವೈನಿ, ಸಿಟ್ಟು ಆಮೇಲೆ. ಮೊದಲು ಮಯೂರಿಯನ್ನು ಡಾಕ್ಟರಿಗೆ — ಫೋನ್ ಎತ್ತಿದಳು.