ಊದುಗೊಳವೆಯ ಉಸಿರು

೩ ಫೆಬ್ರವರಿ ೧೯೪೧, ಸೋಮವಾರ

ಗಾಳಿ ಹಾಕಿಸಿಕೊಂಡ ದಿನ. ಐವತ್ತನೆಯ ಸಲವೋ ಐವತ್ತೊಂದನೆಯದೋ, ಮರೆತಿದೆ. ಎಡಗಡೆ ಪಕ್ಕೆಲುಬಿನ ಸಂದಿಯಲ್ಲಿ ಸೂಜಿ. ಸ್ಟ್ಯಾಂಡಿನಲ್ಲಿ ಎರಡು ಬಾಟಲಿ. ಒಂದರ ನೀರು ಇನ್ನೊಂದಕ್ಕೆ ಇಳಿದು, ಅಲ್ಲಿದ್ದ ಗಾಳಿಯನ್ನು ನನ್ನ ಎದೆಗೆ ತಳ್ಳುತ್ತದೆ. ಎಡ ಶ್ವಾಸಕೋಶ ಮುದುಡಿ ಮಲಗಬೇಕಂತೆ, ಮಲಗಿದರೆ ಕ್ಷಯದ ಹುಣ್ಣು ಮಾಯುತ್ತದಂತೆ. ಈ ಕ್ಷಯದ ಆಸ್ಪತ್ರೆಯಲ್ಲಿ ಒಂದು ವರ್ಷದಿಂದ ಮಲಗಿಸುತ್ತಲೇ ಇದ್ದಾರೆ.

ಪಕ್ಕದ ಮಂಚದಲ್ಲಿ ತಾಜ್ ಪಾಷಾ. ಮಾಲೂರಿನಲ್ಲಿ ಸೈಕಲ್ ಶಾಪು ಇಟ್ಟಿದ್ದವನು. ಇವತ್ತೂ ಅದೇ ಮಾತು — "ಇಪ್ಪತ್ ವರ್ಷ ಟ್ಯೂಬಿಗ್ ಗಾಳಿ ಹೊಡ್ದಿದೀನಿ ಆಚಾರಿ, ಹೊಡ್ದಷ್ಟೂ ಕುಗ್ಗೋ ಟ್ಯೂಬು ಇಲ್ಲೇ ನೋಡಿದ್ದು!" ನಕ್ಕೆ. ಪಕ್ಕೆ ಹಿಡಿದುಕೊಂಡಿತು.

ಜೋರಾಗಿ ಮಾತಾಡಬಾರದು. ಕೈ ಮೇಲೆತ್ತಬಾರದು. ಕಿಟಕಿಯವರೆಗೆ ಹತ್ತು ಹೆಜ್ಜೆ, ಅದೂ ಆಯಾ ಮುನಿಯಲ್ಲಮ್ಮ ಕಾಣದಿದ್ದಾಗ. ಹೊರಗೆ ಬಂಡೆಗುಡ್ಡ. ಅದರಾಚೆ ಮುಳಬಾಗಿಲು, ನಮ್ಮ ಬೀದಿ, ನನ್ನ ಅಕ್ಕಸಾಲೆ ಅಂಗಡಿಯ ಅಗ್ಗಿಷ್ಟಿಕೆ. ಬೆಂಕಿ ಆರಿ ಹದಿನಾಲ್ಕು ತಿಂಗಳಾಯಿತು.

೭ ಫೆಬ್ರವರಿ, ಶುಕ್ರವಾರ

ರಾಮಲಕ್ಷ್ಮಮ್ಮ ಬಂದಿದ್ದಳು, ಮಗುವನ್ನೂ ಎತ್ತಿಕೊಂಡು. ತಾಳಿ ಕಟ್ಟಿದ ಹೆಂಡತಿಯಾದರೂ ಗಾಜಿನಾಚೆಯೇ ನಿಲ್ಲಬೇಕು. ನಾನಿಲ್ಲಿಗೆ ಸೇರಿದ ಮೇಲೆ ಹುಟ್ಟಿದ ಮಗು, ಇನ್ನೂ ಮುಟ್ಟಿಲ್ಲ. ನನ್ನ ತಾಯಿಯ ಹೆಸರೇ ಇಟ್ಟಿದ್ದಾರೆ, ಮುತ್ಯಾಲಮ್ಮ. ಗಾಜು ನೆಕ್ಕಲು ನೋಡಿದಳು, ಕಳ್ಳಿ.

"ಮುಂದಿನ್ ತಿಂಗ್ಳಿಗೆ ಹನ್ನೊಂದ್ ತಿಂಗ್ಳು ತುಂಬುತ್ತೆ ಕಣ್ರೀ. ಕಿವಿ ಚುಚ್ಬೇಕು. ನಿಮ್ ತಮ್ಮನ ಕೈಲಿ ಮಾಡಿಸ್ಲಾ?"

"ಬೇಡ. ನಾನೇ ಬರ್ತೀನಿ."

"ಬಿಡ್ತಾರಾ?"

"ಬರ್ತೀನಿ ಅಂದ್ನಲ್ಲ."

ಸುಮ್ಮನೆ ರೇಗಿಬಿಟ್ಟೆ. ಆದರೆ ಊರಿನ ಮಕ್ಕಳಿಗೆಲ್ಲ ಕಿವಿ ಚುಚ್ಚುವವರು ನಾವು. ನಮ್ಮ ಮನೆಯಲ್ಲಿ ಹೆಣ್ಣುಮಗುವಿಗೆ ಚುಚ್ಚುವವನು ಅಪ್ಪನೇ. ಚಿನ್ನದ ತಂತಿಯ ತುದಿ ಚೂಪು ಮಾಡಿ, ಒಂದೇ ಸಲಕ್ಕೆ ತೂರಿಸಿ, ಅಲ್ಲೇ ಸುತ್ತಿ, ಆಮೇಲೆ ಕಿವಿಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಊದಬೇಕು. ಉರಿ ಇಳಿಯುತ್ತದೆ. ಎಷ್ಟು ಮಕ್ಕಳ ಕಿವಿಗೆ ಊದಿದ್ದೇನೋ. ವರ್ಷದೊಳಗೆ ಬೆಸ ತಿಂಗಳಲ್ಲಿ ಚುಚ್ಚಬೇಕು, ಈಗ ತಪ್ಪಿದರೆ ಇನ್ನು ಮೂರನೇ ವರ್ಷಕ್ಕೆ. ಅಲ್ಲಿಯವರೆಗೆ ನಾನಿರುತ್ತೇನೆಯೇ?

೧೧ ಫೆಬ್ರವರಿ, ಮಂಗಳವಾರ

ಹೊಸ ಯಂತ್ರ ಬಂದಿದೆ. ನೀರಿನಲ್ಲಿ ಬೋರಲು ಹಾಕಿದ ಡಬ್ಬ, ಒಂದು ರಬ್ಬರು ಕೊಳವೆ, ಪಕ್ಕದಲ್ಲಿ ಗೀಟು ಹಾಕಿದ ಪಟ್ಟಿ. ಉಸಿರು ತುಂಬಿಕೊಂಡು ಕೊಳವೆಯಲ್ಲಿ ಊದಿದರೆ ಡಬ್ಬ ಮೇಲೇಳುತ್ತದೆ. ಎಷ್ಟು ಎದ್ದಿತೋ ಅಷ್ಟು ಉಸಿರು ನಮ್ಮಲ್ಲಿದೆ ಅಂತ. ವಾರ್ಡಿನಲ್ಲಿ ಅದಕ್ಕೆ 'ಊದೋ ಡಬ್ಬ' ಅಂತ ಹೆಸರೂ ಆಯಿತು. ನಮ್ಮ ವಾರ್ಡಿನಲ್ಲಿದ್ದ ಹೋಳೂರಿನ ಶಾನುಭೋಗರು ಕಳೆದ ತಿಂಗಳು ಮನೆಗೆ ಹೋದರಲ್ಲ, ಹೋಗುವ ಮುಂಚೆ ಕೋಲಾರಕ್ಕೆ ಕರೆದೊಯ್ದು ಇಂಥದರಲ್ಲೇ ಊದಿಸಿದ್ದರಂತೆ, ಚೆನ್ನಾಗಿ ಊದಿದರಂತೆ. ತಾಜ್ ಪಾಷಾ ಹೇಳಿದ. ಹಾಗಾದರೆ ಡಬ್ಬ ಮೇಲೆದ್ದರೆ ಗೇಟು ತೆಗೆಯುತ್ತಾರೆ!

ನಾಳೆ ನನ್ನ ಸರದಿ.

೧೨ ಫೆಬ್ರವರಿ, ಬುಧವಾರ, ಮಧ್ಯಾಹ್ನ

ಎರಡು ಸಾವಿರದ ಏಳುನೂರು ಸಿಸಿ!

ಕಾಂಪೌಂಡರ್ ಕದಿರಪ್ಪ ಎರಡು ಸಲ ಪಟ್ಟಿ ನೋಡಿದ. "ಏನ್ ಆಚಾರ್ರೇ, ಒಂದೇ ಶ್ವಾಸಕೋಶದಲ್ಲಿ ಇಷ್ಟಾ?" ತಾಜ್ ಪಾಷಾನದು ಒಂದು ಸಾವಿರದ ಐನೂರು. ಬೆನ್ನು ತಟ್ಟಿದ ಪಾಪ.

ಇಲ್ಲಿ ಯಾರೂ ಓದುವವರಿಲ್ಲ, ನಿಜ ಬರೆಯುತ್ತೇನೆ. ಕೊಳವೆ ತುಟಿಗೆ ತಾಗಿದ್ದೇ ತಡ, ಕೆನ್ನೆ ತಾನಾಗಿ ಉಬ್ಬಿತು. ಬೆಸುಗೆ ಹಾಕುವಾಗ ದೀಪದ ಉರಿಗೆ ಊದುಗೊಳವೆಯಲ್ಲಿ ಊದುತ್ತೇವೆ. ಮಧ್ಯೆ ಉಸಿರು ನಿಂತರೆ ಬೆಸುಗೆ ಕೆಟ್ಟಿತು. ಅದಕ್ಕೇ ಕೆನ್ನೆಯಲ್ಲಿ ಗಾಳಿ ಹಿಡಿದು ಅದನ್ನೇ ಊದುತ್ತ, ಅಷ್ಟರಲ್ಲಿ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳುವುದು. ಒಂಬತ್ತನೇ ವಯಸ್ಸಿಗೆ ಅಪ್ಪ ಕಲಿಸಿದ್ದು. ಮೊದಲನೇ ಸಲ ಎಳೆದುಕೊಂಡದ್ದು ಅಭ್ಯಾಸಬಲ. ಎರಡನೇ ಸಲ, ಮೂರನೇ ಸಲ ಬೇಕೆಂದೇ. ಕದಿರಪ್ಪ ಡಬ್ಬ ನೋಡುತ್ತಿದ್ದ, ನನ್ನ ಮೂಗನ್ನಲ್ಲ.

ತಪ್ಪೇ? ಇರಬಹುದು. ಖುಷಿಯಾಗಿದೆ. ಒಂದು ಹಾಡು ಹೇಳಿಕೊಳ್ಳೋಣ ಅನ್ನಿಸುತ್ತಿದೆ, ಕೆಮ್ಮು ಬಿಡುವುದಿಲ್ಲ.

೧೭ ಫೆಬ್ರವರಿ, ಸೋಮವಾರ

ಡಾಕ್ಟರು ನಗುನಗುತ್ತಾ ಮಂಚದ ಬಳಿ ಬಂದರು. ಗೇಟ್ ಪಾಸು ತಂದರು ಅಂದುಕೊಂಡೆ. ಎಕ್ಸ್‌ರೇ ಎತ್ತಿ ಹಿಡಿದರು.

"ಬಲಗಡೇನೂ ಒಂದ್ ನೆರಳು ಬಂದಿದೆಯಯ್ಯಾ. ಭಯಬೀಳ್ಬೇಡ. ಉಸಿರು ಕಮ್ಮಿ ಇದ್ದಿದ್ರೆ ಕೈಚೆಲ್ಲಿ ಕೂತ್ಕೋಬೇಕಾಗಿತ್ತು. ನಿನ್ ಹತ್ರ ಧಾರಾಳವಾಗಿದೆ. ಮುಂದಿನ್ ಸೋಮವಾರ ಬಲಗಡೇಗೂ ಗಾಳಿ ಹಾಕೋಣ."

"ಮನೆಗೆ…?"

"ಮನೇನಾ? ಇನ್ನೊಂದ್ ವರ್ಷ ಆ ಮಾತೆತ್ತಬೇಡ."

ಹೂಂ ಅಂದೆ. ಹೂಂ ಅಂದೆನಲ್ಲ! ಶಾನುಭೋಗರದು ಬೇರೆ. ಅವರ ಕಫದಲ್ಲಿ ಕ್ರಿಮಿ ಹೋಗಿತ್ತಂತೆ, ಆಮೇಲೆ ಊದಿಸಿದ್ದಂತೆ. ನನ್ನದರಲ್ಲಿ ಇನ್ನೂ ಇದೆ. ಅರ್ಧ ಮಾತು ಕೇಳಿ ಕುಣಿದುಬಿಟ್ಟೆ.

೧೯ ಫೆಬ್ರವರಿ, ಬುಧವಾರ

ಮೋಸ ಮಾಡಿದ್ದು ಹೇಳಿದರೆ — ಬಲಗಡೆಗೆ ಗಾಳಿ ಹಾಕುವುದಿಲ್ಲ, ಅಲ್ಲಿನ ನೆರಳು ಹಾಗೇ ಬೆಳೆಯುತ್ತದೆ, ಮಾಡಲು ಏನೂ ಇಲ್ಲ. ಹೇಳದಿದ್ದರೆ — ಇರುವ ಒಂದೂವರೆ ಹಿಡಿ ಉಸಿರನ್ನೂ ಕುಗ್ಗಿಸುತ್ತಾರೆ. ಯಾವ ಕಡೆ ತಿರುಗಿದರೂ ಗೋಡೆ.

ಡಾಕ್ಟರು ಬೆಂಗಳೂರಿಗೆ ಹೋಗಿದ್ದಾರೆ, ಭಾನುವಾರ ಬರುತ್ತಾರೆ. ಕದಿರಪ್ಪನಿಗೆ ಹೇಳೋಣ ಅಂತ ಎರಡು ಸಲ ಬಾಯಿ ತೆರೆದೆ. "ನಮ್ ರಿಕಾರ್ಡು ಆಚಾರ್ರು!" ಅಂತ ಬಂದವರಿಗೆಲ್ಲ ತೋರಿಸುತ್ತಾನೆ. ನಾಚಿಕೆಯಾಗಿ ಮುಚ್ಚಿಕೊಂಡೆ.

ಪಲ್ಸು ೧೧೨.

೨೧ ಫೆಬ್ರವರಿ

ಪಲ್ಸು ೧೧೮. ಅನ್ನ ಸೇರುವುದಿಲ್ಲ. ಅಂಗೈ ಬೆವರುತ್ತದೆ, ಪೆನ್ಸಿಲ್ಲು ಜಾರುತ್ತದೆ. ಮುನಿಯಲ್ಲಮ್ಮ ಗಂಜಿ ಹಾಗೇ ವಾಪಸು ತೆಗೆದುಕೊಂಡು ಹೋಗುತ್ತಾ, "ಏಮಯಿಂದಿ ಅಣ್ಣಯ್ಯಾ, ಏನಾಯ್ತು? ಯಾರಾನ ಅಟ್ಟಿಸ್ಕಂಡ್ ಬಂದಂಗ್ ಇದೀಯಲ್ಲ" ಅಂದಳು.

೨೪ ಫೆಬ್ರವರಿ, ಸೋಮವಾರ, ಸಂಜೆ

ಇವತ್ತಿನದು ಇವತ್ತೇ ಬರೆಯಬೇಕು.

ಬೆಳಿಗ್ಗೆ ಮೇಜಿನ ಮೇಲೆ ಎಡಮಗ್ಗುಲಾಗಿ ಮಲಗಿಸಿದರು. ಬಲಪಕ್ಕೆಗೆ ಅಯೋಡಿನ್ ಹಚ್ಚಿದರು, ತಣ್ಣಗೆ. ಡಾಕ್ಟರು ಮಣಿಕಟ್ಟು ಹಿಡಿದರು. "ನೂರಾ ಮೂವತ್ತು! ಯಾಕಯ್ಯಾ? ಭಯವಾದ್ರೆ ದೇಹ ಓಡೋಕೆ ರೆಡಿ ಆಗುತ್ತೆ, ಅದಕ್ಕೇ ಎದೆ ಹೀಗ್ ಹೊಡ್ಕೊಳ್ಳುತ್ತೆ. ಓಡೋಕೆ ಜಾಗ ಇಲ್ಲ ಅಂತ ಅದಕ್ಕೇನ್ ಗೊತ್ತು? ಸಮಾಧಾನ ಮಾಡ್ಕೋ." ಸೂಜಿ ಕೈಗೆತ್ತಿಕೊಂಡರು.

ಅವರ ಕೈ ಹಿಡಿದುಬಿಟ್ಟೆ.

"ಸ್ವಾಮಿ, ನಾನ್ ಊದಿದ್ದು ಸುಳ್ಳು. ಮೂಗಲ್ಲಿ ಎಳ್ಕೊಂಡ್ ಎಳ್ಕೊಂಡ್ ಊದ್ದೆ. ಅಕ್ಕಸಾಲಿಗ್ರು ಹಂಗೇ ಊದೋದು."

ಅವರಿಗೆ ಅರ್ಥವಾಗಲಿಲ್ಲ. ಡಬ್ಬ ತರಿಸಿ ಅವರೆದುರೇ ಊದಿ ತೋರಿಸಿದೆ. ಎರಡು ಸಾವಿರದ ನಾನೂರು. ಆಮೇಲೆ ಅವರೇ ನನ್ನ ಮೂಗು ಹಿಸುಕಿ ಹಿಡಿದು, "ಈಗ ಊದು" ಅಂದರು.

ಒಂದು ಸಾವಿರದ ಇನ್ನೂರು.

ಕದಿರಪ್ಪ ತಲೆ ತಗ್ಗಿಸಿದ. ಡಾಕ್ಟರು ಸ್ಟೂಲಿನ ಮೇಲೆ ಕೂತರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ, ಅದೇ ಹೆದರಿಕೆಯಾಯಿತು. "ನೀನ್ ಹೇಳ್ದೇ ಇದ್ದಿದ್ರೆ, ಈ ಮೇಜಿನ ಮೇಲೇ…" ಅಂದು ನಿಲ್ಲಿಸಿದರು.

ಸೂಜಿ ಎತ್ತಿಟ್ಟು ಅಂದರು, "ಬಲಗಡೆ ಮುಟ್ಟೋ ಹಾಗಿಲ್ಲಯ್ಯಾ. ನನ್ ಕೈಲಿ ಇನ್ನೇನೂ ಇಲ್ಲ. ಮನೇಗ್ ಹೋಗ್ತೀನಿ ಅಂದ್ರೆ ತಡೆಯಲ್ಲ. ಇಲ್ಲೇ ಇರ್ತೀನಿ ಅಂದ್ರೂ ಮಂಚ ನಿಂದೇ."

ಎರಡು ಸಾವಿರದ ಏಳುನೂರಕ್ಕೆ ತೆರೆಯದ ಗೇಟು ಸಾವಿರದ ಇನ್ನೂರಕ್ಕೆ ತೆರೆಯಿತು.

"ಮಗು ಇದೆ ಸ್ವಾಮಿ. ಕಿವಿ ಚುಚ್ಬೇಕು."

"ಎತ್ಕೋಬೇಡ. ಅದರ ಮುಖದ ಹತ್ರ ಉಸಿರು ಬಿಡ್ಬೇಡ. ನಿನ್ನಲ್ಲಿರೋದು ಅದಕ್ಕೂ ಅಂಟುತ್ತೆ."

೨೭ ಫೆಬ್ರವರಿ, ಗುರುವಾರ

ಎರಡು ದಿನ ಬರೆಯಲಿಲ್ಲ. ಗುಡ್ಡ ನೋಡುತ್ತಾ ಮಲಗಿದ್ದೆ.

ನಮ್ಮ ಮನೆ ಅಂದರೆ ಒಂದೇ ಕೋಣೆ, ಮುಂದೆ ಅಂಗಡಿ. ನಾನು ಎಲ್ಲಿ ಮಲಗಿದರೂ ನನ್ನ ಉಸಿರು ಅವಳ ತೊಟ್ಟಿಲಿಗೆ ಹೋಗುತ್ತದೆ. ಅವಳೋ, ಈಗ ಅಂಬೆಗಾಲಿಟ್ಟು ಎಲ್ಲಿಗೆ ಬೇಕೆಂದರಲ್ಲಿಗೆ ಬರುತ್ತಾಳಂತೆ. ನನ್ನ ಹತ್ತಿರವೂ ಬರುತ್ತಾಳೆ. ಬಂದರೆ ನಾನು ತಡೆಯುತ್ತೇನೆಯೇ? ತಡೆಯಲಾರೆ. ನನಗೆ ನಾನು ಗೊತ್ತು. ಎರಡನೇ ಸಲ ಮೂಗಿನಿಂದ ಎಳೆದುಕೊಂಡವನು ನಾನೇ ಅಲ್ಲವೇ.

ತಮ್ಮ ಸುಬ್ಬಾಚಾರಿಗೆ ಕಾರ್ಡು ಬರೆದೆ. ಮುಂದಿನ ಶುಕ್ರವಾರ ಮಗುವನ್ನು ಕರೆದುಕೊಂಡು ಬಾ, ತಂತಿ ತಾ. ಇಲ್ಲಿ ಅಂಗಳದಲ್ಲಿ, ನನ್ನ ಕಿಟಕಿ ಎದುರಿಗೆ ಚುಚ್ಚು. ನಾನು ಮನೆಗೆ ಬರುವುದಿಲ್ಲ.

ಕೊನೆಯ ಸಾಲು ಬರೆದು ಅತ್ತೆ. ತಾಜ್ ಪಾಷಾ ಆ ಕಡೆ ತಿರುಗಿ ಮಲಗಿದ, ಕಾಣದವನ ಹಾಗೆ. ಒಳ್ಳೆಯವನು.

೭ ಮಾರ್ಚ್, ಶುಕ್ರವಾರ, ಬೆಳಿಗ್ಗೆ ಹತ್ತು

ಬಂದಿದ್ದಾರೆ. ಬೇವಿನ ಮರದ ಕೆಳಗೆ ಚಾಪೆ. ಕಿಟಕಿಗೆ ಮಂಚ ಎಳೆದು ಕೊಟ್ಟಿದ್ದಾಳೆ ಮುನಿಯಲ್ಲಮ್ಮ, ರೂಲು ಮುರಿದು. ತೊಡೆಯ ಮೇಲೆ ಪುಸ್ತಕ.

ರಾಮಲಕ್ಷ್ಮಮ್ಮ ಗಾಜಿನ ಹತ್ತಿರ ಬಂದಳು. ಕಣ್ಣು ಕೆಂಪಗಿತ್ತು. "ನೀವ್ ಬರ್ತೀನಿ ಅಂದಿದ್ರಿ" ಅಂದಳು. ಅಷ್ಟೇ. ಹೋಗಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

ಸುಬ್ಬ ತಂತಿಯ ತುದಿ ನೋಡುತ್ತಿದ್ದಾನೆ. ನನ್ನ ಕಡೆ ನೋಡಿದ. ಹೂಂ ಅಂತ ತಲೆಯಾಡಿಸಿದೆ.

ಎಡಕಿವಿ. ಒಂದೇ ಸಲಕ್ಕೆ. ಕೈ ಚೆನ್ನಾಗಿದೆ ಹುಡುಗನದು. ಬಾಯಿ ಅಗಲಿಸಿದಳು, ಇನ್ನೂ ಸದ್ದಿಲ್ಲ — ಉಸಿರು ತುಂಬಿಕೊಳ್ಳುತ್ತಿದ್ದಾಳೆ —

ಅಬ್ಬಾ! ಗಾಜು ಮುಚ್ಚಿದ್ದರೂ ವಾರ್ಡಿಗೆಲ್ಲ ಕೇಳಿಸಿತು. ತಾಜ್ ಪಾಷಾ ಎದ್ದು ಕೂತ. ಸುಬ್ಬ ಕಿವಿಗೆ ಊದುತ್ತಿದ್ದಾನೆ. ನನಗೇ ಗೊತ್ತಿಲ್ಲದೆ ನನ್ನ ಕೆನ್ನೆಯೂ ಉಬ್ಬಿದೆ.

ಬಲಕಿವಿ. ಮತ್ತೆ ಶುರುವಾಯಿತು. ಅವಳ ಅಳುವಿನ ಉಸಿರು ಎಣಿಸುತ್ತಿದ್ದೇನೆ. ಮೋಸವಿಲ್ಲ, ಮೂಗಿನಿಂದ ಎಳೆದುಕೊಳ್ಳುತ್ತಿಲ್ಲ, ಒಂದೇ ಉಸಿರು — ನಾಲ್ಕು… ಐದು… ಆರು… ಇನ್ನೂ ಬಿಟ್ಟಿಲ್ಲ, ಏಳು, ಎಂಟು…