ಹೆಸರಿಲ್ಲದ ಸಕ್ಕರೆ ಕಾಯಿಲೆ

ಬೆಟಗೇರಿ, ಆಷಾಢ ಹುಣ್ಣಿಮೆಯ ಮರುದಿನ, ೨೧೮೭

ನಮಗಿಂತ ಮೊದಲು ಬದುಕಿದ ಹಿರಿಯರಿಗೆ ಶಿವಗಂಗಾ ಹಡಪದಳ ನಮಸ್ಕಾರಗಳು. ನನ್ನ ಮಾತು ವಿಚಿತ್ರ ಎನಿಸಿದರೆ ಕ್ಷಮಿಸಬೇಕು. ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯನ್ನು ನಾವು ಹಿಂದಂಚೆ ಎನ್ನುತ್ತೇವೆ. ಜೀವಮಾನದಲ್ಲಿ ಒಬ್ಬರಿಗೆ ಒಂದೇ ಕಾಗದ. ಸತ್ತ ಅವ್ವನಿಗೆಂದು ಇಟ್ಟುಕೊಂಡಿದ್ದನ್ನು ಈಗ ನಿಮಗೆ ಬರೆಯುತ್ತಿದ್ದೇನೆ. ನಮ್ಮ ಕಾಲದಲ್ಲಿ ಕೇಳಬೇಕಾದವರನ್ನೆಲ್ಲ ಕೇಳಿ ಆಯಿತು.

ನನಗೆ ನಿಂಬೆವ್ವ ಎಂಬ ತಂಗಿ ಇದ್ದಾಳೆ. ಬೀದಿಗಳ ಮೇಲೆ ಹಗಲೆಲ್ಲ ಹರವುವ ನೆರಳುಬಟ್ಟೆಯನ್ನು ನೇಯುತ್ತಿದ್ದಳು. ಅದಿಲ್ಲದೆ ಇಲ್ಲಿ ಯಾರೂ ಬಿಸಿಲಿಗೆ ಹೊರಬೀಳುವಂತಿಲ್ಲ. ನಾವು ಚಿಕ್ಕವರಿದ್ದಾಗ ಬಂದ ಬರಗಾಲದಲ್ಲಿ ನನ್ನನ್ನು ಸೋದರತ್ತೆಯ ಮನೆಗೆ ಕಳಿಸಿದರು, ನಾನು ಉಂಡು ಬೆಳೆದೆ. ಅವಳು ಮನೆಯಲ್ಲೇ ಉಳಿದು, ಸರಕಾರ ಕೊಡುತ್ತಿದ್ದ ಹಿಟ್ಟಿನ ಬಿಲ್ಲೆ ತಿಂದು, ಕಡ್ಡಿಯಂತೆ ಬೆಳೆದಳು. ಇಬ್ಬರಿಗೂ ಸಕ್ಕರೆ ಕಾಯಿಲೆ ಬಂತು. ನನ್ನದು ದಪ್ಪ ಮೈಯವರಿಗೆ ಬರುವ ಬಗೆ. ಅದಕ್ಕೂ ಮಕ್ಕಳಿಗೆ ಬರುವ ಬಗೆಗೂ ಸರಕಾರದ ನಿಧಿಯಿಂದ ಇನ್ಸುಲಿನ್ ಮನೆಗೇ ಬರುತ್ತದೆ. ಅವಳದು ಎಳೆತನದಲ್ಲಿ ಹಸಿದವರಿಗೆ ಬರುವ ಬಗೆ. ಅದು ನಿಧಿಯ ಪಟ್ಟಿಯಲ್ಲೇ ಇಲ್ಲ, ಕೊಂಡು ತರುವಷ್ಟು ಹಣ ನಮ್ಮಲ್ಲಿಲ್ಲ.

ನಾನು ಆರೋಗ್ಯ ಕಚೇರಿಗೆ ಹೋಗಿ, ಅವಳಿಗೂ ಇನ್ಸುಲಿನ್ ಕೊಡಿ ಎಂದು ಗೋಗರೆದೆ. ಅಲ್ಲಿನ ಅಧಿಕಾರಿ ಕೆಟ್ಟವರಲ್ಲ, ನನ್ನನ್ನು ಕೂರಿಸಿ ನೀರು ಕೊಟ್ಟರು. “ಅಕ್ಕಾರ, ಹೆಸರ ಇಲ್ಲದ ರೋಗಕ್ಕ ನಾ ಹೆಂಗ ರೊಕ್ಕ ಕೇಳ್ಲಿ? ಹಿಂದಿನವರು ಇದನ್ನ ಬ್ಯಾರೆ ಅಂತ ಎಣಿಸಲೇ ಇಲ್ಲ,” ಎಂದರು.

ಅಂದಿನಿಂದ ನನ್ನ ಇನ್ಸುಲಿನ್‌ನಲ್ಲಿ ಅರ್ಧವನ್ನು ಅವಳಿಗೆ ಚುಚ್ಚತೊಡಗಿದೆ. ಕಚೇರಿಯವರೇ ಕೊಟ್ಟರೆಂದು ನಂಬಿಸಿದ್ದೆ. ಅವಳ ಕೆನ್ನೆ ತುಂಬಿತು, ಮತ್ತೆ ಮಗ್ಗಕ್ಕೆ ಕೂತಳು, ಒಂದು ದಿನ ಹಾಡು ಗುನುಗಿದ್ದನ್ನೂ ಕೇಳಿದೆ. ಇತ್ತ ನನ್ನ ಪಾದದಲ್ಲಿ ಹುಣ್ಣೆದ್ದು ಕೊಳೆಯಿತು. ಎರಡು ಬೆರಳು ಕತ್ತರಿಸಿದರು. ಅರ್ಧ ಇನ್ಸುಲಿನ್ ಯಾರಿಗೆ ಕೊಟ್ಟೆ ಎಂದು ಆಸ್ಪತ್ರೆಯಲ್ಲಿ ವೈದ್ಯರು ನನ್ನನ್ನು ಬೈಯುವುದನ್ನು ಕೇಳಿ ಅವಳಿಗೆ ಎಲ್ಲ ಗೊತ್ತಾಯಿತು.

“ನಿನ್ನ ಕಾಲು ತಿಂದು ನಾ ಬದುಕ್ಬೇಕೇನಕ್ಕ?” ಎಂದಳು, ಅಷ್ಟೇ. ಮತ್ತೆ ತೋಳು ಕೊಡಲಿಲ್ಲ. ನಾನು ಬೇಡಿದೆ, ಬೈದೆ, ನಿದ್ದೆಯಲ್ಲಿ ಚುಚ್ಚಲು ಹೋದಾಗ ಎಚ್ಚೆತ್ತು ನನ್ನ ಕೈ ಹಿಡಿದುಕೊಂಡಳು. ಆ ಹಿಡಿತದಲ್ಲಿ ಬಲವೇ ಇರಲಿಲ್ಲ, ಆದರೂ ಬಿಡಿಸಿಕೊಳ್ಳಲಾಗಲಿಲ್ಲ.

ಈಗ ಕ್ಷಯ ಅವಳ ಎದೆ ಹೊಕ್ಕಿದೆ. ಪಕ್ಕದ ಚಾಪೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಸೀರೆಯೊಳಗೆ ಮೈ ಇದೆಯೋ ಇಲ್ಲವೋ ಎಂಬಂತಾಗಿದೆ.

ಹಿರಿಯರೇ, ನಿಮ್ಮ ಕಾಲದಲ್ಲೂ ಇಂಥ ಬಡಕಲು ಮೈಯವರು ಆಸ್ಪತ್ರೆಯ ಸಾಲಿನಲ್ಲಿ ನಿಂತಿರುತ್ತಾರೆ. ಕಡಿಮೆ ತಿನ್ನಿ, ದಿನಾ ನಡೆದಾಡಿ ಎಂದು ಹೇಳಿ ಅವರನ್ನು ಕಳಿಸಬೇಡಿ. ಅವರ ರಕ್ತ ಪರೀಕ್ಷಿಸಿ. ಅವರ ಕಾಯಿಲೆಯನ್ನು ಬೇರೆ ಎಂದು ಬರೆಯಿರಿ, ಅದಕ್ಕೆಂದು ಹಣ ತೆಗೆದಿಡಿ. ನೀವು ಬರೆದರೆ ಇಲ್ಲಿ ಅವಳ ಹೆಸರಿಗೆ ಇನ್ಸುಲಿನ್ ಬರುತ್ತದೆ ಎಂದು ನಂಬಿದ್ದೇನೆ. ನಂಬಲು ನನಗೆ ಬೇರೇನೂ ಉಳಿದಿಲ್ಲ.

ಅವಳು ಇನ್ನೂ ಉಸಿರಾಡುತ್ತಿದ್ದಾಳೆ. ಇನ್ಸುಲಿನ್ ಬಂದೀತೆಂದು ಬಾಗಿಲು ತೆರೆದಿಟ್ಟು ಕೂತಿದ್ದೇನೆ. ಬೇಗ ಮಾಡಿ.